ಮದುವೆಗೆ ನೇಪಾಳಕ್ಕೆ

ಅಕ್ಕಂದಿರೇ, ನಾವು ಮೂವರು ಹೆಂಗಸರು ಬೇರೆ ದೇಶಕ್ಕೆ ಹೋಗಿ ಬಂದೆವು. ವಿಮಾನ ಹತ್ತಲಿಲ್ಲ. ರೈಲು, ಬಸ್ಸು, ಆಮೇಲೆ ಕಾಲ್ನಡಿಗೆ. ಆ ಸಂಗತಿ ಕೇಳಿ.

ತುಮಕೂರಿನಲ್ಲಿ ನಮ್ಮ ಕಲಿಕಾ ಕೇಂದ್ರಕ್ಕೆ ಬರುವ ಒಬ್ಬ ಅಕ್ಕನಿಗೆ ಟೀ ಅಂಗಡಿ ಇದೆ. ವಯಸ್ಸು ಐವತ್ತೆರಡು. ಅಂಗಡಿಯ ಹಿಂದಿನ ಕೋಣೆಯಲ್ಲಿ ನೇಪಾಳದ ಒಬ್ಬ ಹುಡುಗಿ ಬಾಡಿಗೆಗೆ ಇದ್ದಳು. ನರ್ಸಿಂಗ್ ಓದುತ್ತಿದ್ದಳು. ಅವಳ ಜೊತೆ ಓದುತ್ತಿದ್ದ ಅವಳ ಊರಿನ ಹುಡುಗನೂ ಟೀಗೆ ಬರುತ್ತಿದ್ದ. ಇಬ್ಬರೂ ನಮಗಿಂತ ಬಹಳ ಚಿಕ್ಕವರು. ಆದರೂ ಸ್ನೇಹ ಬೆಳೆಯಿತು. ಹುಡುಗಿಗೆ ತಾಯಿ ಇಲ್ಲ. ಒಮ್ಮೆ ಎಂಟು ದಿನ ಜ್ವರ ಬಂದಾಗ ಗಂಜಿ ಕಾಯಿಸಿ ಕೊಟ್ಟವಳು ಈ ಅಕ್ಕನೇ.

ಓದು ಮುಗಿಸಿ ಇಬ್ಬರೂ ಊರಿಗೆ ಹೋದರು. 2023ರಲ್ಲಿ ಮದುವೆಯ ಕಾಗದ ಬಂತು. ಅದರಲ್ಲಿ ಇಸವಿ 2080 ಎಂದಿತ್ತು. "ಅಯ್ಯೋ, ಇನ್ನೂ ಬಾರದ ವರ್ಷ ಕಣ್ರೀ ಇದು!" ಎಂದು ಎಲ್ಲರೂ ನಕ್ಕೆವು. ನೇಪಾಳದಲ್ಲಿ ವಿಕ್ರಮ ಸಂವತ್ ಲೆಕ್ಕ. ಅದು ನಮ್ಮ ಇಸವಿಗಿಂತ ಸುಮಾರು 57 ವರ್ಷ ಮುಂದೆ. ತಿಂಗಳು ಮಾತ್ರ ನಮ್ಮ ಮಾರ್ಗಶಿರದ ಹೆಸರೇ. ಅವರು ಮಂಗ್ಸಿರ್ ಅನ್ನುತ್ತಾರೆ.

ಅಕ್ಕ ಮೊದಲು ಒಪ್ಪಲಿಲ್ಲ. ದೂರದ ಭಯ ಅಲ್ಲ. "ನಾನು ಗಂಡ ಸತ್ತವಳು. ಶುಭ ಕಾರ್ಯದಲ್ಲಿ ಮುಂದೆ ನಿಂತ್ರೆ ಏನಂತಾರೆ? ನೀವು ಹೋಗಿ ಬನ್ನಿ ಟೀಚರೇ" ಅಂದಳು. ಈ ಮಾತು ನಮ್ಮ ಊರುಗಳಲ್ಲಿ ಹೊಸದಲ್ಲ. ನಾವು ವಾದ ಮಾಡಲಿಲ್ಲ, ಹುಡುಗಿಗೇ ಫೋನು ಹಚ್ಚಿ ಕೊಟ್ಟೆವು. "ಅಕ್ಕಾ, ನೀವು ಬರದಿದ್ರೆ ನನ್ನ ಕಡೆ ಯಾರಿದಾರೆ?" ಅಂದಳು ಅವಳು, ತನ್ನ ಮುರುಕು ಕನ್ನಡದಲ್ಲಿ. ಅಕ್ಕ ಬಹಳ ಹೊತ್ತು ಸುಮ್ಮನಿದ್ದಳು. ಆಮೇಲೆ ಟ್ರಂಕಿನಿಂದ ಗುರುತಿನ ಚೀಟಿ ತೆಗೆದಳು.

ನೇಪಾಳಕ್ಕೆ ಹೋಗಲು ಭಾರತದವರಿಗೆ ವೀಸಾ ಬೇಡ. 1950ರಲ್ಲಿ ಎರಡು ದೇಶಗಳು ಸ್ನೇಹದ ಒಪ್ಪಂದ ಮಾಡಿಕೊಂಡಿವೆ. ಅವರು ಇಲ್ಲಿ ದುಡಿಯಬಹುದು, ನಾವು ಅಲ್ಲಿ ದುಡಿಯಬಹುದು. ಆದರೆ ಪಾಸ್‌ಪೋರ್ಟ್ ಅಥವಾ ಚುನಾವಣಾ ಆಯೋಗದ ಮತದಾರರ ಗುರುತಿನ ಚೀಟಿ ಜೊತೆಗಿರಬೇಕು. ಆಧಾರ್ ಕಾರ್ಡ್ ಒಂದನ್ನೇ ನಂಬಿ ಹೊರಡಬಾರದು.

ಅಕ್ಕ ತನ್ನ ಚೀಟಿಯನ್ನು ಬೆರಳಿಟ್ಟು ಓದಿದಳು. ತನ್ನ ಹೆಸರು ಸರಿ ಇತ್ತು. ಗಂಡನ ಹೆಸರಿನಲ್ಲಿ ಒಂದಕ್ಷರ ತಪ್ಪಿತ್ತು! "ಹನ್ನೊಂದು ವರ್ಷದಿಂದ ಟ್ರಂಕಲ್ಲಿತ್ತು. ಇವತ್ತು ಕಂಡಿತು ನೋಡಿ" ಅಂದಳು. ಇಂಥ ತಪ್ಪು ತಿದ್ದಲು ನಮೂನೆ 8 ಎಂಬ ಅರ್ಜಿ ಇದೆ. ಅಕ್ಕನೇ ತುಂಬಿದಳು. ಸಹಿಯನ್ನೂ ಹಾಕಿದಳು. ಹೊರಡುವ ಮೊದಲೇ ಹೊಸ ಚೀಟಿ ಬಂತು.

ಯಶವಂತಪುರದಿಂದ ಗೋರಖಪುರಕ್ಕೆ ರೈಲಿನಲ್ಲಿ ಎರಡು ರಾತ್ರಿ. ರೊಟ್ಟಿ, ಚಟ್ನಿಪುಡಿ ಕಟ್ಟಿಕೊಂಡಿದ್ದೆವು. ಅಲ್ಲಿಂದ ಸುಮಾರು ಮೂರು ಗಂಟೆ ಬಸ್ಸು. ಆಮೇಲೆ ಸುನೌಲಿ ಎಂಬ ಗಡಿ. ಸಮುದ್ರ ಇಲ್ಲ, ಬೆಟ್ಟ ಇಲ್ಲ, ರಸ್ತೆಗೆ ಒಂದು ಕಮಾನು ಅಷ್ಟೆ. ಸೈಕಲ್ಲಿನವರು, ತಲೆ ಮೇಲೆ ಗಂಟು ಹೊತ್ತವರು, ಲಾರಿಗಳು, ಎಲ್ಲ ಅದೇ ದಾರಿಯಲ್ಲಿ. ಚೀಟಿ ತೋರಿಸಿ ನಡೆದೆವು. "ಇಷ್ಟೇನಾ ಬೇರೆ ದೇಶ?" ಅಂದಳು ಅಕ್ಕ. ಅಲ್ಲಿ ಗಡಿಯಾರ ಕಾಲು ಗಂಟೆ ಮುಂದೆ ಓಡುತ್ತದೆ. ಇಲ್ಲಿ ಹತ್ತು ಗಂಟೆ ಆದರೆ ಅಲ್ಲಿ ಹತ್ತೂಕಾಲು.

ಹಣದ ಲೆಕ್ಕ ಕಲಿತೇ ಹೋಗಬೇಕು. ನಮ್ಮ 100 ರೂಪಾಯಿ ಅಂದರೆ ಅವರ 160 ರೂಪಾಯಿ. ನಾವು ಹೋದಾಗ ನಮ್ಮ 100ಕ್ಕಿಂತ ದೊಡ್ಡ ನೋಟಿಗೆ ಅಲ್ಲಿ ಅನುಮತಿ ಇರಲಿಲ್ಲ. ಈ ನಿಯಮ ಬದಲಾಗುತ್ತಿರುತ್ತದೆ. ಹೊರಡುವ ಮೊದಲು ವಿಚಾರಿಸಿ. ಗಡಿಯಲ್ಲಿ ಒಂದು ಶಾಲಿಗೆ "ಎಂಟುನೂರು" ಅಂದರು. ಅಕ್ಕ "ಯಾವ ದೇಶದ ಎಂಟುನೂರು?" ಎಂದು ಕೇಳಿಸಿದಳು. ನೇಪಾಳದ್ದು. ಅಂದರೆ ನಮ್ಮ 500. ಕೇಳದೆ ಇದ್ದರೆ 300 ರೂಪಾಯಿ ಹೋಗುತ್ತಿತ್ತು.

ಈಗ ನಿಮ್ಮ ಹತ್ತಿರ ಇರುವ ಒಂದು ನೋಟು ತೆಗೆಯಿರಿ. ಹಿಂಬದಿಯಲ್ಲಿ 15 ಭಾಷೆಗಳ ಸಾಲು ಇದೆ. ಮೇಲಿನಿಂದ ನಾಲ್ಕನೆಯದು ಕನ್ನಡ. ಒಂಬತ್ತನೆಯದು ನೇಪಾಳಿ. ನೇಪಾಳಿ ಮಾತು ನಮ್ಮ ದೇಶದಲ್ಲೂ ಇದೆ, ಸಿಕ್ಕಿಮ್, ಡಾರ್ಜಿಲಿಂಗ್ ಕಡೆ.

ಮದುವೆ ಬುಟವಲ್ ಎಂಬ ಊರಿನಲ್ಲಿ. ಬೆಟ್ಟದ ಬುಡದ ಊರು. ಗಂಡಿನ ದಿಬ್ಬಣಕ್ಕೆ ಜಂತಿ ಅನ್ನುತ್ತಾರೆ. ಮುಂದೆ ಪಂಚೆ ಬಾಜಾ, ಐದು ಬಗೆಯ ವಾದ್ಯ. ಮದುಮಗಳಿಗೆ ಕೆಂಪು ಸೀರೆ. ಹೂವಿನ ಹಾರದ ಬದಲು ಗರಿಕೆಯ ಮಾಲೆ ಹಾಕಿಕೊಂಡರು. ನಾವು ಗಣಪತಿಗೆ ಏರಿಸುವ ಗರಿಕೆಯೇ! ತಾಳಿಯ ಜಾಗದಲ್ಲಿ ಸಣ್ಣ ಗಾಜಿನ ಮಣಿಗಳ ಸರ, ಅದಕ್ಕೆ ಪೋತೆ ಎಂದು ಹೆಸರು. ಬೈತಲೆಗೆ ಸಿಂಧೂರ. ಊಟಕ್ಕೆ ಸೇಲ್ ರೋಟಿ ಕೊಟ್ಟರು. ಅಕ್ಕಿ ಹಿಟ್ಟಿನದು, ಸಿಹಿ, ದೊಡ್ಡ ಕೋಡುಬಳೆಯ ಹಾಗೆ.

ಕರ್ನಾಟಕದವರು ಎಂದು ತಿಳಿದ ಕೂಡಲೇ ಹುಡುಗನ ಅಜ್ಜ ಕೈ ಮುಗಿದರು. ಕಾಠ್ಮಂಡುವಿನ ಪಶುಪತಿನಾಥ ಗುಡಿಯಲ್ಲಿ ಪೂಜೆ ಮಾಡುವ ಭಟ್ಟರು ಕರ್ನಾಟಕದ ಕಡೆಯಿಂದಲೇ ಹೋದವರು. ಇದು ನಮಗೂ ಅಲ್ಲಿ ಹೋದ ಮೇಲೇ ಗೊತ್ತಾದದ್ದು.

ಹೆಂಗಸರು ನಮ್ಮನ್ನು ಸುತ್ತಿಕೊಂಡು ನೂರೆಂಟು ಕೇಳಿದರು. ದೀದಿ ಅಂದರೆ ಅಕ್ಕ, ಬಹಿನಿ ಅಂದರೆ ತಂಗಿ. ಇವೆರಡು ಗೊತ್ತಿದ್ದರೆ ಅರ್ಧ ಮಾತು ಆದಂತೆ. ನಿಮ್ಮಲ್ಲಿ ಹೆಣ್ಣಿನ ಮದುವೆ ವಯಸ್ಸು ಎಷ್ಟು ಎಂದರು. 18 ಅಂದೆವು. ಅಲ್ಲಿ 2018ರಲ್ಲಿ ಜಾರಿಗೆ ಬಂದ ಕಾನೂನು ಗಂಡಿಗೂ ಹೆಣ್ಣಿಗೂ 20 ಎಂದು ಇಟ್ಟಿತಂತೆ. ನಮ್ಮ ಹುಡುಗಿಗೆ 24.

ಹೆಣ್ಣಿನ ಕಡೆಯವರು ಒಬ್ಬೊಬ್ಬರಾಗಿ ವಧೂವರರ ಕಾಲು ತೊಳೆಯುವುದು ಅಲ್ಲಿನ ಪದ್ಧತಿ. ಅಕ್ಕ ಹಿಂದೆ ಗೋಡೆಗೆ ಒರಗಿ ನಿಂತಿದ್ದಳು. ಹುಡುಗಿ ತಲೆ ಎತ್ತಿ ಹುಡುಕಿ, "ಅಕ್ಕಾ, ಬನ್ನಿ" ಎಂದು ಕನ್ನಡದಲ್ಲೇ ಕೂಗಿದಳು. ಒಬ್ಬ ಮುದುಕಿ ಏನೋ ಗೊಣಗಿದಳು. ಅಲ್ಲೂ ಆ ಮಾತು ಇದೆ. ಹುಡುಗಿಯ ಅಪ್ಪ ಏನೂ ಹೇಳದೆ ನೀರಿನ ತಂಬಿಗೆಯನ್ನು ಅಕ್ಕನ ಕೈಗೆ ಕೊಟ್ಟರು. ಅಕ್ಕ ಕೂತು ಇಬ್ಬರ ಕಾಲೂ ತೊಳೆದಳು. ನಾವು ಒಯ್ದಿದ್ದ ಇಳಕಲ್ ಸೀರೆಯನ್ನು ಹುಡುಗಿಯ ಮಡಿಲಿಗೆ ಹಾಕಿದಳು.

ಅಭ್ಯಾಸ: ನಿಮ್ಮ ಮತದಾರರ ಗುರುತಿನ ಚೀಟಿಯನ್ನು ನಾಳೆ ಕೇಂದ್ರಕ್ಕೆ ತನ್ನಿ. ನಿಮ್ಮ ಹೆಸರು, ತಂದೆ ಅಥವಾ ಗಂಡನ ಹೆಸರು, ವಿಳಾಸ ಇವನ್ನು ಗಟ್ಟಿಯಾಗಿ ಓದಿ. ತಪ್ಪಿದ್ದರೆ ನಮೂನೆ 8 ತುಂಬೋಣ.