ತೂಕದ ಲೆಕ್ಕ

ಗದಗಕ್ಕೆ ಸಮೀಪದ ಮುಳಗುಂದ ಬಹಳ ಹಳೆಯ ಊರು. ‘ಧರ್ಮಾಮೃತ’ವನ್ನು ರಚಿಸಿದ ನಯಸೇನನು 12ನೆಯ ಶತಮಾನದಲ್ಲಿ ಇಲ್ಲಿದ್ದನು. ಎರೆಮಣ್ಣಿನ ಹೊಲ, ಜೋಳದ ರೊಟ್ಟಿ, ಮಳೆಯನ್ನು ನಂಬಿದ ಬದುಕು. ಬರಗಾಲವನ್ನು ಕಂಡುಂಡ ಇಂತಹ ಸೀಮೆಯಲ್ಲಿ ಮೈ ತುಂಬಿಕೊಂಡವರನ್ನು ನೋಡಿ ‘ಸುಖವಾಗಿದ್ದಾರೆ’ ಎನ್ನುವುದು ಸಹಜವೇ. ಆದುದರಿಂದ ಮಂಡಿನೋವೆಂದು ಬಂದ ಗೃಹಿಣಿಯನ್ನು ವೈದ್ಯರು ತಕ್ಕಡಿಯ ಮೇಲೆ ನಿಲ್ಲಿಸಿದರೆ ಆಕೆಗೆ ಅಚ್ಚರಿಯಾಗುತ್ತದೆ.

ಮನೆಮಂದಿಯನ್ನೆಲ್ಲ ಬಲ್ಲ ಕುಟುಂಬ ವೈದ್ಯರಿಗಾದರೋ ಆ ನೋವು ಒಂಟಿಯಾಗಿ ತೋರುವುದಿಲ್ಲ. ತೂಕ ಹೆಚ್ಚಿದಂತೆ ಕೀಲುಗಳ ಹೊರೆ ಹೆಚ್ಚುತ್ತದೆ, ರಕ್ತದೊತ್ತಡ ಏರುತ್ತದೆ, ಹೊಟ್ಟೆಯೊಳಗೆ ಶೇಖರವಾದ ಕೊಬ್ಬು ಇನ್ಸುಲಿನ್ನಿನ ಕೆಲಸಕ್ಕೆ ಅಡ್ಡಿಯಾಗಿ ಸಕ್ಕರೆ ಕಾಯಿಲೆಗೆ ದಾರಿ ಮಾಡುತ್ತದೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ ವಯಸ್ಕರ ಪೈಕಿ ಸುಮಾರು ಹತ್ತರಲ್ಲಿ ಮೂವರ ತೂಕ ಮಿತಿಯನ್ನು ಮೀರಿತ್ತು.

ಮಿತಿಯೆಂದರೆ ಎಷ್ಟು? ಕಿಲೋಗ್ರಾಂ ಲೆಕ್ಕದ ತೂಕವನ್ನು ಮೀಟರ್ ಲೆಕ್ಕದ ಎತ್ತರದ ವರ್ಗದಿಂದ ಭಾಗಿಸಬೇಕು. 60 ಕಿಲೋ ತೂಕದ, ಒಂದೂವರೆ ಮೀಟರ್ ಎತ್ತರದ ಹೆಂಗಸಿಗೆ 60ನ್ನು 2.25ರಿಂದ ಭಾಗಿಸಿದರೆ ಸುಮಾರು 26.7 ಬರುತ್ತದೆ. 25ನ್ನು ದಾಟಿದರೆ ಅಧಿಕ ತೂಕವೆಂಬುದು ಲೋಕರೂಢಿ. ಭಾರತೀಯರಾದರೆ 23ಕ್ಕೇ ಎಚ್ಚರಗೊಳ್ಳಬೇಕೆನ್ನುತ್ತಾರೆ ತಜ್ಞರು. (ಬೆಳೆಯುವ ಮಕ್ಕಳಿಗೆ ಈ ಮಿತಿಗಳು ಸಲ್ಲವು.)

ನಮ್ಮವರಿಗೇಕೆ ಈ ಬಿಗಿ? ಪುಣೆಯ ವೈದ್ಯ ಯಾಜ್ಞಿಕ್ ಮತ್ತು ಅವರ ಆಂಗ್ಲ ಮಿತ್ರ ಯುಡ್ಕಿನ್ 2004ರಲ್ಲಿ ತಮ್ಮಿಬ್ಬರ ಶರೀರವನ್ನೇ ಉದಾಹರಣೆಯಾಗಿ ಮುಂದಿಟ್ಟರು. ಇಬ್ಬರ ಲೆಕ್ಕವೂ 22.3. ಆದರೆ ಆಂಗ್ಲರ ಮೈಯಲ್ಲಿ ಕೊಬ್ಬು ನೂರಕ್ಕೆ 9.1 ಪಾಲು, ಪುಣೆಯವರಲ್ಲಿ 21.2! ನೋಟಕ್ಕೆ ತೆಳು, ಒಳಗೆ ಕೊಬ್ಬು. ತಕ್ಕಡಿ ಇದನ್ನು ಹೇಳಲಾರದು. ಸೊಂಟದ ಸುತ್ತಳತೆ ಕೊಂಚ ಹೇಳೀತು. ಗಂಡಸರಿಗೆ 90, ಹೆಂಗಸರಿಗೆ 80 ಸೆಂಟಿಮೀಟರ್ ಅದರ ಮೇರೆ.

ಇದರ ಬೇರು ಇನ್ನೂ ಆಳದಲ್ಲಿದೆಯೆಂಬುದು ಮೈಸೂರಿನಲ್ಲಿ ಕಂಡುಬಂದಿತು. ಅಲ್ಲಿಯ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯಲ್ಲಿ 1934ರಿಂದ ನವಜಾತ ಶಿಶುಗಳ ತೂಕ, ಉದ್ದ, ತಲೆಯ ಸುತ್ತಳತೆಯನ್ನು ಬರೆದಿಡುತ್ತಿದ್ದರು. ಮುಂದೆ ಈ ಕಡತಗಳಿಂದ ಏನು ಪ್ರಯೋಜನವಾದೀತೆಂದು ಬರೆದ ದಾದಿಯರು ಎಣಿಸಿರಲಾರರು. ಸಂಶೋಧಕರು 1934–54ರ ನಡುವೆ ಹುಟ್ಟಿದ್ದ 517 ಮಂದಿಯನ್ನು ಹುಡುಕಿ ಪರೀಕ್ಷಿಸಿ 1996ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ಹುಟ್ಟಿದಾಗ ಎರಡೂವರೆ ಕಿಲೋ ಅಥವಾ ಅದಕ್ಕಿಂತ ಕಡಿಮೆ ತೂಗಿದ್ದವರಲ್ಲಿ ನೂರಕ್ಕೆ 11 ಮಂದಿಗೆ ಹೃದ್ರೋಗವಿತ್ತು, 3.2 ಕಿಲೋ ಮೀರಿದ್ದವರಲ್ಲಿ ಕೇವಲ 3 ಮಂದಿಗೆ. ತಾಯಿಯ ತೂಕವೂ ಕಡಿಮೆಯಿದ್ದಲ್ಲಿ ರೋಗ ಮತ್ತಷ್ಟು ಹೆಚ್ಚು. ಗರ್ಭದಲ್ಲಿ ಅರೆಹೊಟ್ಟೆಯಿಂದಿದ್ದ ಶರೀರಕ್ಕೆ ಮುಂದೆ ದೊರೆತ ಸಮೃದ್ಧಿ ಹೊರೆಯಾಗುತ್ತದೆಯೆಂದು ವಿಜ್ಞಾನಿಗಳು ಊಹಿಸುತ್ತಾರೆ.

ಹೀಗಿರುವಾಗ ದಪ್ಪಗಿರುವವರನ್ನು ‘ಹೊಟ್ಟೆಬಾಕ’ರೆಂದು ಹಳಿಯುವುದು ಅನ್ಯಾಯವಷ್ಟೇ ಅಲ್ಲ, ಅಜ್ಞಾನ. ಆ ಗೃಹಿಣಿಗೆ ವೈದ್ಯರು ಉಪವಾಸವನ್ನು ವಿಧಿಸುವುದಿಲ್ಲ. ಚಹದ ಸಕ್ಕರೆ, ಕರಿದ ತಿಂಡಿ ಕಡಿಮೆಯಾಗಲಿ, ರೊಟ್ಟಿಯೊಡನೆ ಕಾಳು ಸೊಪ್ಪು ಹೆಚ್ಚಲಿ, ದಿನವೂ ಅರ್ಧ ಗಂಟೆ ನಡಿಗೆಯಿರಲಿ ಎನ್ನುತ್ತಾರೆ. ಮೂರು ಕಿಲೋ ಇಳಿದರೂ ರಕ್ತದೊತ್ತಡ, ಸಕ್ಕರೆ ತಗ್ಗುವುದುಂಟು. ಬಳಿಕ ಆಕೆಯ ಜೊತೆಗೆ ಬಂದ ಬಸುರಿ ಮಗಳನ್ನೂ ತಕ್ಕಡಿಗೆ ಕರೆದು, ಬಂದ ಅಂಕಿಯನ್ನು ಅವಳ ತಾಯಿ ಕಾರ್ಡಿನಲ್ಲಿ ಬರೆಯುತ್ತಾರೆ.