ಬಾಗಿಲ ಕೋಲಂ, ಠಾಣೆಯ ಕಾಗದ

ಚೆನ್ನೈಯಲ್ಲಿ ಮಾರ್ಗಳಿ ಬಂತೆಂದರೆ ನಮ್ಮ ಧನುರ್ಮಾಸದ ಹಾಗೆಯೇ ಬೆಳಗಾಗುವ ಮುನ್ನ ಬಾಗಿಲಿಗೆ ನೀರು ಬೀಳುತ್ತದೆ, ಕೋಲಂ ಎಂಬ ರಂಗೋಲಿ ಏಳುತ್ತದೆ. 2019ರ ಡಿಸೆಂಬರ್ 29ರ ಭಾನುವಾರ ಬೆಸೆಂಟ್ ನಗರದ ಕೆಲವು ಕೋಲಂಗಳಲ್ಲಿ ಚುಕ್ಕಿ, ಗೆರೆಗಳ ಜತೆ 'ಸಿಎಎ ಬೇಡ, ಎನ್‌ಆರ್‌ಸಿ ಬೇಡ' ಎಂದು ಪೌರತ್ವ ತಿದ್ದುಪಡಿ ಕಾಯ್ದೆ, ಪೌರತ್ವ ನೋಂದಣಿಯ ವಿರುದ್ಧದ ಬರಹವೂ ಇತ್ತು. ಬಿಡಿಸಿದವರನ್ನು ಪೊಲೀಸರು ವಶಕ್ಕೆ ಪಡೆದು ಆಮೇಲೆ ಬಿಟ್ಟರು. ಮರುದಿನ ಡಿಎಂಕೆ ನಾಯಕರಾದ ಸ್ಟಾಲಿನ್, ಕನಿಮೊಳಿಯವರ ಮನೆ ಮುಂದೆಯೂ ಅದೇ ಬರಹ.

ಇಂಥ ಕಡೆ ಕಾನೂನು ಎರಡು ಬೇರೆ ಬೇರೆ ಪ್ರಶ್ನೆ ಕೇಳುತ್ತದೆ. ಏನು ಬಿಡಿಸಿದಿರಿ? ಎಲ್ಲಿ, ಎಷ್ಟು ಜನ ಸೇರಿ, ಯಾರ ಅನುಮತಿಯಿಂದ ಬಿಡಿಸಿದಿರಿ? ಬೆಸೆಂಟ್ ನಗರದಲ್ಲಿ ಪೊಲೀಸರು ಹಿಡಿದದ್ದು ಎರಡನೆಯದನ್ನು, ಅನುಮತಿಯಿಲ್ಲದೆ ಸೇರಿದರು ಎಂದು. 1888ರ ಚೆನ್ನೈ ನಗರ ಪೊಲೀಸ್ ಕಾಯ್ದೆಯ 41ನೇ ಕಲಮಿನಡಿ ಕಮಿಷನರ್ 15 ದಿನಗಳವರೆಗೆ ಸಭೆ, ಮೆರವಣಿಗೆ ನಿರ್ಬಂಧಿಸಬಹುದು. ಅವಧಿ ಮುಗಿದಂತೆ ಹೊಸ ಆದೇಶ ಹೊರಡುವುದು ಅಲ್ಲಿ ಮಾಮೂಲು. ನನ್ನ ಮಟ್ಟಿಗೆ ಇದು ಹಕ್ಕಿನ ಕತ್ತು ಹಿಸುಕುವ ರೂಢಿ. ಆದರೂ ಗುಂಪಾಗಿ ಬೀದಿಗಿಳಿಯುವವರು ಐದು ದಿನ ಮೊದಲೇ ಅರ್ಜಿ ಕೊಟ್ಟು ಸ್ವೀಕೃತಿ ಪಡೆದಿರಲಿ. ನಿರಾಕರಿಸಿದರೆ ಕಾರಣವನ್ನು ಬರಹದಲ್ಲಿ ಕೇಳಿ, ಹೈಕೋರ್ಟಿನಲ್ಲಿ ರಿಟ್ ಹಾಕಬಹುದು. ನಿಮ್ಮ ಬಾಗಿಲಲ್ಲಿ ನೀವೇ ಗೆರೆ ಎಳೆಯುವುದಕ್ಕೆ ಇದಾವುದೂ ಬೇಡ.

ಮೊದಲ ಪ್ರಶ್ನೆಗೆ ಕೋರ್ಟುಗಳು ನೋಡುವುದು ಉದ್ದೇಶವನ್ನು. ಕೊಯಮತ್ತೂರಿನಲ್ಲಿ 2013ರ ಕ್ರಿಸ್‌ಮಸ್ ದಿನ ತ್ರಿವರ್ಣದ ಭಾರತ ನಕಾಶೆ, ಅಶೋಕ ಚಕ್ರವಿದ್ದ ದೊಡ್ಡ ಕೇಕ್ ಕತ್ತರಿಸಿದ್ದು ರಾಷ್ಟ್ರಧ್ವಜಕ್ಕೆ ಅವಮಾನ ಎಂದು ದೂರಾಯಿತು. 2021ರಲ್ಲಿ ಮದ್ರಾಸ್ ಹೈಕೋರ್ಟಿನ ನ್ಯಾಯಮೂರ್ತಿ ಆನಂದ್ ವೆಂಕಟೇಶ್ ಪ್ರಕರಣ ರದ್ದುಮಾಡಿದರು: ಕೇಕ್ ತಿಂದು ಹೋದವರ ಮನಸ್ಸಿನಲ್ಲಿ ಅವಮಾನದ ಭಾವನೆ ಎಲ್ಲಿತ್ತು? ಭಾರತೀಯ ನ್ಯಾಯ ಸಂಹಿತೆಯ 299ನೇ ಕಲಂ ಕೂಡ ಧಾರ್ಮಿಕ ಭಾವನೆ ಕೆರಳಿಸುವ ದುರುದ್ದೇಶ ಇರಲೇಬೇಕು ಎನ್ನುತ್ತದೆ. ಯಾರಿಗೋ ನೋವಾಯಿತು ಎಂದರಷ್ಟೇ ಸಾಲದು. ಗಲಾಟೆಯಾದೀತು ಎಂಬ ಅಂಜಿಕೆಯೂ ಸಾಲದು. 'ಒರೇ ಒರು ಗ್ರಾಮತ್ತಿಲೆ' ಚಿತ್ರದ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 1989ರಲ್ಲೇ ಹೇಳಿದ್ದು, ಅಪಾಯ ಕಣ್ಣೆದುರಿಗಿರಬೇಕು ಎಂದು.

ಎಫ್‌ಐಆರ್ ಆಯಿತೆನ್ನಿ. ವರ್ಗಗಳ ನಡುವೆ ದ್ವೇಷ ಬಿತ್ತುವ ಆರೋಪದ, ನ್ಯಾಯ ಸಂಹಿತೆಯ 196ನೇ ಕಲಮಿಗೆ ಸಾಮಾನ್ಯವಾಗಿ ಗರಿಷ್ಠ ಮೂರು ವರ್ಷದ ಸಜೆ. ಅಂಥಲ್ಲಿ ಎಫ್‌ಐಆರ್ ದಾಖಲಿಸುವ ಮೊದಲೇ 14 ದಿನದೊಳಗೆ ಪ್ರಾಥಮಿಕ ವಿಚಾರಣೆ ನಡೆಸುವ ಅವಕಾಶ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173(3)ರಲ್ಲಿದೆ. ಸುಪ್ರೀಂ ಕೋರ್ಟಿನ 2025ರ ಇಮ್ರಾನ್ ಪ್ರತಾಪ್‌ಗಢಿ ತೀರ್ಪು ಅದನ್ನೇ ಒತ್ತಿ ಹೇಳಿತು. ಬಂಧಿಸುವ ಮೊದಲು ಅದೇ ಸಂಹಿತೆಯ 35(3)ರಡಿ ಹಾಜರಾತಿಯ ನೋಟಿಸ್ ಎಲ್ಲಿ ಎಂದು ಕೇಳಿ. ನೋಟಿಸ್ ಬಂದರೆ ತಪ್ಪದೆ ಹಾಜರಾಗಿ. ಸೂರ್ಯಾಸ್ತದ ನಂತರ ಮಹಿಳೆಯರನ್ನು ಬಂಧಿಸಲು ಅಸಾಧಾರಣ ಕಾರಣ, ಮಹಿಳಾ ಅಧಿಕಾರಿ, ಮ್ಯಾಜಿಸ್ಟ್ರೇಟರ ಅನುಮತಿ ಬೇಕು.

ಇನ್ನೊಂದು ಬಲೆಯಿದೆ, 'ಶಾಂತಿ ಸಭೆ'. ಪೆರುಮಾಳ್ ಮುರುಗನ್ ಅವರ 'ಮಾದೊರುಭಾಗನ್' ಕಾದಂಬರಿಯ ಗಲಾಟೆಯಲ್ಲಿ 2015ರ ಜನವರಿ 12ರಂದು ನಾಮಕ್ಕಲ್‌ನ ಅಧಿಕಾರಿಗಳೆದುರು ಲೇಖಕರಿಂದ ಒಪ್ಪಂದ ಬರೆಸಿಕೊಂಡರು. ಅದಕ್ಕೆ ಕಾನೂನಿನ ಬಲವಿಲ್ಲ ಎಂದು ಮದ್ರಾಸ್ ಹೈಕೋರ್ಟು 2016ರ ಜುಲೈ 5ರಂದು ತೀರ್ಪಿತ್ತಿತು. ಯಾರಾದರೂ ಕ್ಷಮಾಪಣೆ ಪತ್ರ ಮುಂದಿಟ್ಟರೆ ವಕೀಲರು ಬರಲಿ ಎನ್ನಿ. ವಕೀಲರು ಗೊತ್ತಿಲ್ಲದಿದ್ದರೆ ಕಾನೂನು ನೆರವಿನ ಸಹಾಯವಾಣಿ 15100ಕ್ಕೆ ಕರೆ ಮಾಡಿ. ಮಹಿಳೆಯರಿಗೆ ಉಚಿತ ಕಾನೂನು ನೆರವು ಸಿಗಲು ಆದಾಯದ ಮಿತಿಯೂ ಇಲ್ಲ.