ಇಂದಿನ ಧಮ್ಮ ಚಿಂತನೆ: ತಂಡ ಸೋಲುವಾಗ ನಿಷ್ಠೆ ಎಂದರೆ ಏನು?





ಇಂದು ಆಟದ ಮೈದಾನದಿಂದ ಒಂದು ಪ್ರಶ್ನೆ ತೆಗೆದುಕೊಳ್ಳೋಣ. ನಾವು ಪ್ರೀತಿಸುವ ತಂಡ ಸಾಲು ಸಾಲಾಗಿ ಸೋಲುತ್ತಿದೆ. ಆಗ ನಿಷ್ಠಾವಂತ ಅಭಿಮಾನಿ ಏನು ಮಾಡಬೇಕು? ಸುಮ್ಮನೆ ಚಪ್ಪಾಳೆ ತಟ್ಟಬೇಕೆ? ತರಬೇತುದಾರನನ್ನು ತೆಗೆಯಿರಿ ಎಂದು ಕೂಗಬೇಕೆ? ಮನೆಯಲ್ಲೇ ಕೂರಬೇಕೆ? ಈ ಪ್ರಶ್ನೆ ಆಟಕ್ಕೆ ಮಾತ್ರ ಸೇರಿದ್ದಲ್ಲ. ನಮ್ಮ ವಿಹಾರ ಸಮಿತಿಗೆ, ಜಯಂತಿ ಸಮಿತಿಗೆ, ನಮ್ಮ ಇಡೀ ಚಳವಳಿಗೆ ಇದು ಸೇರಿದ್ದು.

*ಬೆಂಗಳೂರಿನ ಒಂದು ಉದಾಹರಣೆ*

ನಮ್ಮ ಕಡೆ ಕ್ರಿಕೆಟ್ ಹುಚ್ಚು ಹೆಚ್ಚು, ಫುಟ್‌ಬಾಲ್ ಕಡಿಮೆ. ಆದರೆ ಓದಲು, ದುಡಿಯಲು ಬೆಂಗಳೂರಿಗೆ ಹೋದ ನಮ್ಮ ಮಕ್ಕಳಿಗೆ ಕಂಠೀರವ ಕ್ರೀಡಾಂಗಣ ಹೊಸದಲ್ಲ. ಅಲ್ಲಿ ಆಡುವುದು ಬೆಂಗಳೂರು ಎಫ್‌ಸಿ. 2013ರಲ್ಲಿ ಹುಟ್ಟಿದ ಈ ತಂಡ ಮೊದಲ ವರ್ಷವೇ ಐ-ಲೀಗ್ ಗೆದ್ದಿತು. 2016ರಲ್ಲಿ ಎಎಫ್‌ಸಿ ಕಪ್ ಫೈನಲ್ ತಲುಪಿತು. ಭಾರತದ ಯಾವ ತಂಡವೂ ಅದಕ್ಕೆ ಮುಂಚೆ ಅಲ್ಲಿಗೆ ಹೋಗಿರಲಿಲ್ಲ. 2019ರಲ್ಲಿ ಕಾರ್ಲೆಸ್ ಕ್ವಾಡ್ರಾಟ್ ಅವರ ತರಬೇತಿಯಲ್ಲಿ ಐಎಸ್‌ಎಲ್ ಪ್ರಶಸ್ತಿಯೂ ಬಂತು. ಪಶ್ಚಿಮದ ಗ್ಯಾಲರಿಯಲ್ಲಿ ನೀಲಿ ಅಂಗಿ ತೊಟ್ಟು ಇಡೀ ಪಂದ್ಯ ನಿಂತೇ ಹಾಡುವ 'ವೆಸ್ಟ್ ಬ್ಲಾಕ್ ಬ್ಲೂಸ್' ಎಂಬ ಅಭಿಮಾನಿ ಬಳಗ ಈ ಗೆಲುವುಗಳನ್ನೆಲ್ಲ ಕಂಡಿತು.

ಆಮೇಲೆ ಕೆಟ್ಟ ದಿನಗಳೂ ಬಂದವು. ಕಪ್ ಗೆಲ್ಲಿಸಿದ್ದ ಕ್ವಾಡ್ರಾಟ್ ಅವರೇ ಸತತ ಸೋಲಿನ ನಂತರ 2021ರ ಜನವರಿಯಲ್ಲಿ, ಟೂರ್ನಿಯ ನಡುವೆ, ತಂಡದಿಂದ ಹೊರಬಿದ್ದರು. ಸೈಮನ್ ಗ್ರೇಸನ್ ಬಂದು 2022ರಲ್ಲಿ ಡುರಾಂಡ್ ಕಪ್ ಗೆಲ್ಲಿಸಿದರು. 2023ರ ಮಾರ್ಚ್‌ನಲ್ಲಿ ಐಎಸ್‌ಎಲ್ ಫೈನಲ್‌ಗೂ ಒಯ್ದರು, ಅಲ್ಲಿ ತಂಡ ಪೆನಾಲ್ಟಿಯಲ್ಲಿ ಸೋತಿತು. ಅದೇ ವರ್ಷದ ಡಿಸೆಂಬರ್‌ನಲ್ಲಿ ತವರು ಮೈದಾನದಲ್ಲೇ ಮುಂಬೈ ಸಿಟಿ ಎದುರು 0-4 ಸೋಲು. ಗ್ರೇಸನ್ ಅವರೂ ಹೋದರು. ಸ್ಪೇನಿನ ಜೆರಾರ್ಡ್ ಜರಗೋಜಾ ಬಂದರು. ಆದರೂ ಆ ಸಲ ತಂಡ 12 ತಂಡಗಳಲ್ಲಿ 10ನೇ ಸ್ಥಾನಕ್ಕೆ ಇಳಿಯಿತು. ಆಡಳಿತ ಜರಗೋಜಾ ಅವರನ್ನು ಉಳಿಸಿಕೊಂಡಿತು. ಮರುವರ್ಷ ತಂಡ ಮತ್ತೆ ಫೈನಲ್ ತಲುಪಿತು, 2025ರ ಏಪ್ರಿಲ್ 12ರಂದು ಕೋಲ್ಕತ್ತಾದಲ್ಲಿ ಹೆಚ್ಚುವರಿ ಸಮಯದಲ್ಲಿ 1-2ರಿಂದ ಸೋತಿತು.

*ಎರಡು ಗುಂಪು, ಎರಡು ವಾದ*

ಇಂಥ ಸೀಸನ್‌ನಲ್ಲಿ ಯಾವ ತಂಡದ ಅಭಿಮಾನಿಗಳಾದರೂ ಎರಡು ಗುಂಪಾಗುತ್ತಾರೆ.

ಒಂದು ಗುಂಪು ಹೇಳುತ್ತದೆ: 'ನಮ್ ಟೀಮ್ ಅದ. ಗೆದ್ದಾಗ ಕುಣದೀವಿ, ಸೋತಾಗ ಬೈಯೋದು ಯಾವ ನ್ಯಾಯ? ಕೋಚ್‌ಗೆ ಟೈಮ್ ಕೊಡ್ರಿ.'

ಇನ್ನೊಂದು ಗುಂಪು ಹೇಳುತ್ತದೆ: 'ತಪ್ಪು ಕಣ್ಣಿಗೆ ಕಾಣಲಿಕತ್ತದ, ಆದ್ರೂ ಬಾಯಿ ಮುಚ್ಚಿಕೊಂಡು ಕೂಡೋದು ಅಭಿಮಾನ ಏನ್ರಿ? ಕೇಳದಿದ್ರ ಸುಧಾರಿಸೋದು ಹ್ಯಾಂಗ?'

ಎರಡರಲ್ಲೂ ಸತ್ಯವಿದೆ. ಮೊದಲ ಗುಂಪಿಗೆ ತಾಳ್ಮೆ ಇದೆ. ಜರಗೋಜಾ ಅವರ ಮೊದಲ ಸೀಸನ್ 10ನೇ ಸ್ಥಾನದಲ್ಲಿ ಮುಗಿಯಿತು, ಎರಡನೆಯದು ಫೈನಲ್‌ನಲ್ಲಿ. ತಾಳ್ಮೆಗೆ ಬೆಲೆ ಇದೆ ಎಂದು ಅವರು ಇದನ್ನು ತೋರಿಸಬಹುದು. ಎರಡನೇ ಗುಂಪಿಗೆ ಪ್ರಶ್ನಿಸುವ ಧೈರ್ಯವಿದೆ. ಡಿಸೆಂಬರ್‌ನಲ್ಲಿ ತರಬೇತುದಾರ ಬದಲಾಗದಿದ್ದರೆ ಆ ಫೈನಲ್ ಎಲ್ಲಿಂದ ಬರುತ್ತಿತ್ತು ಎಂದು ಅವರು ಅದೇ ಫೈನಲನ್ನು ತೋರಿಸಬಹುದು. ಒಂದೇ ಘಟನೆ ಎರಡೂ ವಾದಕ್ಕೆ ಸಾಕ್ಷಿಯಾಗುತ್ತದೆ. ಆದ್ದರಿಂದ ಯಾರು ಗೆದ್ದರು ಎಂದು ಇಲ್ಲಿ ತೀರ್ಪು ಕೊಡುವುದರಲ್ಲಿ ಅರ್ಥವಿಲ್ಲ. ಎರಡೂ ಗುಂಪು ಎಲ್ಲಿ ಎಡವುತ್ತವೆ ಎಂದು ನೋಡುವುದು ಹೆಚ್ಚು ಉಪಯೋಗ.

ಮೊದಲನೆಯದಾಗಿ, ಎರಡೂ ಗುಂಪು ತಂಡವನ್ನೂ ತರಬೇತುದಾರನನ್ನೂ ಒಂದೇ ಎಂದು ತಿಳಿಯುತ್ತವೆ. ಮೊದಲನೆಯವರಿಗೆ ತರಬೇತುದಾರನನ್ನು ಪ್ರಶ್ನಿಸಿದವನು ತಂಡದ ದ್ರೋಹಿ. ಎರಡನೆಯವರಿಗೆ ತರಬೇತುದಾರ ಹೋದರೆ ಎಲ್ಲ ಸರಿ. ಆದರೆ 2013ರಿಂದ ಈಚೆಗೆ ಎಷ್ಟೋ ತರಬೇತುದಾರರು ಬಂದರು, ಹೋದರು, ತಂಡ ಉಳಿಯಿತು. ವ್ಯಕ್ತಿ ಬೇರೆ, ಆ ವ್ಯಕ್ತಿ ಹೊತ್ತ ಕೆಲಸ ಬೇರೆ.

ಎರಡನೆಯದಾಗಿ, ಸೋಲಿಗೆ ಒಂದೇ ಕಾರಣ ಹುಡುಕುತ್ತಾರೆ. ಬುದ್ಧರ ಪ್ರತೀತ್ಯ ಸಮುತ್ಪಾದ ನಮಗೆ ಕಲಿಸುವುದು ಇದನ್ನೇ: ಯಾವುದೂ ಒಂದೇ ಕಾರಣದಿಂದ ಹುಟ್ಟುವುದಿಲ್ಲ. ಗಾಯಾಳುಗಳು, ಆಟಗಾರರ ಆಯ್ಕೆ, ಖರ್ಚಿನ ಲೆಕ್ಕ, ಎದುರಾಳಿಯ ಬಲ, ತರಬೇತುದಾರನ ಯೋಜನೆ, ಇವೆಲ್ಲ ಸೇರಿ ಒಂದು ಸೋಲು. ಒಬ್ಬನ ತಲೆಗೆ ಎಲ್ಲವನ್ನೂ ಕಟ್ಟಿದರೆ ಮನಸ್ಸು ಹಗುರಾಗುತ್ತದೆ, ಆದರೆ ಉಳಿದ ಕಾರಣಗಳು ಹಾಗೆಯೇ ಉಳಿಯುತ್ತವೆ.

*ಕೋಸಂಬಿಯ ಉಪಾಸಕರು*

ವಿನಯ ಪಿಟಕದಲ್ಲಿ ಕೋಸಂಬಿಯ ಕಥೆ ಇದೆ. ಒಬ್ಬ ಭಿಕ್ಖು ಶೌಚದ ಮನೆಯ ಪಾತ್ರೆಯಲ್ಲಿ ನೀರು ಉಳಿಸಿ ಬಂದರು. ಅದು ತಪ್ಪೋ ಅಲ್ಲವೋ ಎಂಬ ಇಷ್ಟು ಸಣ್ಣ ಮಾತಿಗೆ ಸಂಘ ಎರಡು ಬಣವಾಯಿತು. ಇತ್ತ ಗುರುವಿನ ಶಿಷ್ಯರು, ಅತ್ತ ಗುರುವಿನ ಶಿಷ್ಯರು. ಸ್ವತಃ ಬುದ್ಧರು ಬಂದು ಬುದ್ಧಿ ಹೇಳಿದರೂ ಕೇಳಲಿಲ್ಲ. ಬುದ್ಧರು ಅವರನ್ನು ಬಿಟ್ಟು ಪಾರಿಲೇಯ್ಯಕದ ಕಾಡಿಗೆ ಹೊರಟುಹೋದರು.

ಆಗ ಕೋಸಂಬಿಯ ಉಪಾಸಕರು ಏನು ಮಾಡಿದರು? ಧಮ್ಮ ಬಿಡಲಿಲ್ಲ. ಬೇರೆ ಪಂಥಕ್ಕೆ ಹೋಗಲಿಲ್ಲ. 'ಅವರು ಭಿಕ್ಖುಗಳು, ನಾವು ಕೇಳಬಾರದು' ಎಂದು ಸುಮ್ಮನೆಯೂ ಕೂರಲಿಲ್ಲ. ಒಂದು ಬಣ ಸೇರಿ ಇನ್ನೊಂದನ್ನು ಬೈಯಲೂ ಇಲ್ಲ. ಜಗಳವಾಡುವ ಭಿಕ್ಖುಗಳಿಗೆ ವಂದನೆಯನ್ನೂ ಭಿಕ್ಷೆಯನ್ನೂ ನಿಲ್ಲಿಸಿದರು. ಎರಡೂ ಬಣಕ್ಕೆ ಒಂದೇ ನಿಯಮ. ಕೊನೆಗೆ ಭಿಕ್ಖುಗಳೇ ಸಾವತ್ಥಿಗೆ ಹೋಗಿ, ಬುದ್ಧರ ಮುಂದೆ ತಪ್ಪು ಒಪ್ಪಿ, ಒಂದಾದರು.

ಗಮನಿಸಿ, ಅವರ ನಿಷ್ಠೆ ಧಮ್ಮಕ್ಕೆ ಇತ್ತು, ವ್ಯಕ್ತಿಗಳಿಗೆ ಅಲ್ಲ. ಆದ್ದರಿಂದಲೇ ಗೌರವ ಕೊಡುವುದನ್ನು ನಿಲ್ಲಿಸುವ ಶಕ್ತಿ ಅವರಿಗೆ ಬಂತು. ಅದೂ ಸೇಡಿಗಾಗಿ ಅಲ್ಲ; ಭಿಕ್ಖುಗಳು ಒಂದಾದ ದಿನ ಅವರು ಮತ್ತೆ ಕೈ ಮುಗಿದರು.

*ನನ್ನನ್ನೂ ಪರೀಕ್ಷಿಸಿ ಎಂದ ಗುರು*

ಮಜ್ಝಿಮ ನಿಕಾಯದ ವೀಮಂಸಕ ಸುತ್ತದಲ್ಲಿ ಬುದ್ಧರು ಇನ್ನೂ ಮುಂದೆ ಹೋಗುತ್ತಾರೆ. ಶಿಷ್ಯನು ತಥಾಗತನನ್ನೇ ಪರೀಕ್ಷಿಸಬೇಕು. ಕಣ್ಣಿಂದ ನೋಡಿ, ಕಿವಿಯಿಂದ ಕೇಳಿ, ಬಹುಕಾಲ ಗಮನಿಸಿ, ಆಮೇಲೆ ಶ್ರದ್ಧೆ ಇಡಬೇಕು ಎಂಬುದು ಅದರ ತಾತ್ಪರ್ಯ. ತನ್ನನ್ನು ಪರೀಕ್ಷಿಸಬೇಡಿ ಎಂದು ಬುದ್ಧರೇ ಹೇಳಲಿಲ್ಲ. ಹಾಗಿರುವಾಗ ನಮ್ಮ ಊರ ಸಮಿತಿಯ ಅಧ್ಯಕ್ಷರು ಹೇಳುವಂತಿಲ್ಲ.

ಬಾಬಾಸಾಹೇಬರೂ ಇದನ್ನೇ ಕಲಿಸಿದರು. 1943ರಲ್ಲಿ ಪುಣೆಯಲ್ಲಿ ರಾನಡೆಯವರ ಬಗ್ಗೆ ಮಾತಾಡುವಾಗ, ದೊಡ್ಡವರನ್ನು ಮೆಚ್ಚುವುದು ಬೇರೆ, ಕಣ್ಣು ಮುಚ್ಚಿ ಅವರ ಮಾತು ಪಾಲಿಸುವುದು ಬೇರೆ ಎಂದು ಬಿಡಿಸಿ ಹೇಳಿದರು. 1949ರ ನವೆಂಬರ್ 25ರಂದು ಸಂವಿಧಾನ ಸಭೆಯಲ್ಲಿ, ಧರ್ಮದಲ್ಲಿ ಭಕ್ತಿ ಏನಾದರೂ ಆಗಿರಲಿ, ರಾಜಕೀಯದಲ್ಲಿ ವ್ಯಕ್ತಿಪೂಜೆ ಅವನತಿಗೂ ಸರ್ವಾಧಿಕಾರಕ್ಕೂ ದಾರಿ ಎಂದು ಎಚ್ಚರಿಸಿದರು. ಅವರ ಫೋಟೋಕ್ಕೆ ದಿನವೂ ಹಾರ ಹಾಕುವ ನಾವು ಈ ಎಚ್ಚರಿಕೆಯನ್ನೂ ದಿನವೂ ನೆನೆಯಬೇಕು.

*ಸನ್ನತಿಯ ಕಲ್ಲು ಹೇಳುವ ಮಾತು*

ಇದಕ್ಕೆ ದೂರ ಹೋಗಬೇಕಿಲ್ಲ. ನಮ್ಮ ಚಿತ್ತಾಪುರ ತಾಲ್ಲೂಕಿನ ಸನ್ನತಿಯಲ್ಲಿ, ಚಂದ್ರಲಾಂಬಾ ದೇವಾಲಯದ ಆವರಣದಲ್ಲಿ, ಅಶೋಕ ಸಾಮ್ರಾಟರ ಶಾಸನದ ಕಲ್ಲು ದೊರೆತಿದೆ. ಗುಡಿಯ ಚಾವಣಿ ಕುಸಿದ ಮೇಲೆ ಅದು ಬೆಳಕಿಗೆ ಬಂತು. ಅದರಲ್ಲಿ 12ನೇ ಶಿಲಾಶಾಸನದ ಭಾಗವೂ ಇದೆ. ಆ ಶಾಸನದ ಸಾರ ಇಷ್ಟು: ತನ್ನ ಪಂಥದ ಮೇಲಿನ ಅತಿ ಮೋಹದಿಂದ ತನ್ನದನ್ನೇ ಹೊಗಳಿ ಬೇರೆಯವರದನ್ನು ಹಳಿಯುವವನು ಕೊನೆಗೆ ತನ್ನ ಪಂಥಕ್ಕೇ ಕೆಡುಕು ಮಾಡುತ್ತಾನೆ. ಮಾತಿನಲ್ಲಿ ಸಂಯಮ ಇರಲಿ, ಪರರ ಮಾತನ್ನೂ ಕೇಳಿ.

ಭೀಮಾ ತೀರದ ನಮ್ಮ ಮಣ್ಣಿನಲ್ಲೇ ಎರಡು ಸಾವಿರ ವರ್ಷಕ್ಕೂ ಹಿಂದೆ ಕೊರೆದ ಮಾತು ಇದು. ಸೋತ ರಾತ್ರಿ ಎದುರು ತಂಡದವರನ್ನು, ತಪ್ಪು ಮಾಡಿದ ಆಟಗಾರನನ್ನು, ಅವನ ಮನೆಯವರನ್ನೂ ಸೇರಿಸಿ ಮೊಬೈಲ್‌ನಲ್ಲಿ ಬೈಯುವ ನಮ್ಮ ಹುಡುಗರಿಗೆ ಇದನ್ನು ಓದಿ ಹೇಳಿ. ಸಮ್ಯಕ್ ವಾಚಾ ಎಂಬುದಕ್ಕೆ ಆಟದ ದಿನ ರಜೆ ಇಲ್ಲ.

ಮೋಹ ಅತಿಯಾದರೆ ಗೆಲುವಿನಲ್ಲೂ ಅಪಾಯವಿದೆ. 18ನೇ ಸೀಸನ್‌ನಲ್ಲಿ ಆರ್‌ಸಿಬಿ ಮೊದಲ ಸಲ ಕಪ್ ಗೆದ್ದ ಮರುದಿನ, 2025ರ ಜೂನ್ 4ರಂದು, ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗೆ ಕಾಲ್ತುಳಿತದಲ್ಲಿ 11 ಜನ ಸತ್ತರು. ಅವರು ಮಾಡಿದ ತಪ್ಪೇನೂ ಇಲ್ಲ, ಸಂತೋಷ ಹಂಚಿಕೊಳ್ಳಲು ಬಂದವರು. ಅಭಿಮಾನಿಯ ಪ್ರಾಣಕ್ಕೆ ಯಾರು ಜವಾಬ್ದಾರರು ಎಂದು ಮೊದಲೇ ಕೇಳುವುದೂ ಅಭಿಮಾನದ ಭಾಗ ಎಂದು ಆ ದಿನ ಕಲಿಸಿತು.

*ನಮ್ಮ ಮನೆಯ ಮಾತು*

ಈಗ ನಮ್ಮ ಕಡೆ ನೋಡೋಣ. ಬಾಬಾಸಾಹೇಬರ ನಂತರ 1957ರಲ್ಲಿ ಕಟ್ಟಿದ ರಿಪಬ್ಲಿಕನ್ ಪಕ್ಷ ಹಲವು ಬಣವಾಯಿತು. 1970ರ ದಶಕದಲ್ಲಿ ಪ್ರೊ. ಬಿ. ಕೃಷ್ಣಪ್ಪನವರು ಮತ್ತು ಸಂಗಾತಿಗಳು ಕಟ್ಟಿದ ದಲಿತ ಸಂಘರ್ಷ ಸಮಿತಿ, ಕರ್ನಾಟಕದ ಹಳ್ಳಿ ಹಳ್ಳಿಗೆ ಸ್ವಾಭಿಮಾನ ತಲುಪಿಸಿದ ಸಂಘಟನೆ, ಅದೂ ಒಡೆಯಿತು. ಪ್ರತಿ ಒಡಕಿನಲ್ಲೂ ಕೋಸಂಬಿಯ ನೆರಳಿದೆ: ಇತ್ತ ನಾಯಕ, ಅತ್ತ ನಾಯಕ, ನಡುವೆ ಧ್ಯೇಯ ಅನಾಥ.

ನಮ್ಮ ಊರುಗಳಲ್ಲೂ ಹೀಗೆಯೇ ಆಗುತ್ತದೆ. ಏಪ್ರಿಲ್ 14ರ ಪಟ್ಟಿಯ ಹಣದ ಲೆಕ್ಕ ಕೇಳಿದ ಹುಡುಗನಿಗೆ 'ನೀನು ಯಾರ ಕಡೆಯವನು' ಎಂಬ ಪ್ರಶ್ನೆ ಬರುತ್ತದೆ. ಅವನು ಮುಂದಿನ ವರ್ಷ ಬರುವುದಿಲ್ಲ. ನಾವು 'ಈಗಿನ ಹುಡುಗರಿಗೆ ಚಳವಳಿಯ ನಿಷ್ಠೆ ಇಲ್ಲ' ಎನ್ನುತ್ತೇವೆ. ಲೆಕ್ಕ ಕೇಳುವಷ್ಟು ನಿಷ್ಠೆ ಅವನಲ್ಲಿ ಇತ್ತು, ಉತ್ತರ ಕೊಡುವಷ್ಟು ನಮ್ಮಲ್ಲಿ ಇರಲಿಲ್ಲ. ಇನ್ನೊಂದು ಕಡೆ, ವರ್ಷವಿಡೀ ವಂದನೆಗೆ ಬಾರದೆ, ಒಂದು ಕುರ್ಚಿಯನ್ನೂ ಎತ್ತಿಡದೆ, ಗ್ರೂಪಿನಲ್ಲಿ ಮಾತ್ರ 'ಸಮಿತಿ ವಿಸರ್ಜಿಸಿ' ಎಂದು ಬರೆಯುವವರೂ ಇದ್ದಾರೆ. ಅದೂ ವಿಮರ್ಶೆ ಅಲ್ಲ.

ಇಲ್ಲಿ ಆಟದ ಹೋಲಿಕೆ ಮುಗಿಯುತ್ತದೆ. ಫುಟ್‌ಬಾಲ್ ಅಭಿಮಾನಿ ಟಿಕೆಟ್ ಕೊಂಡು ನೋಡುವವನು. ಮೈದಾನಕ್ಕೆ ಇಳಿಯಲು ಅವನಿಗೆ ಅವಕಾಶವಿಲ್ಲ. ನಾವು ಹಾಗಲ್ಲ. 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಬಾಬಾಸಾಹೇಬರು ಜನರಿಗೆ ಪ್ರತಿಜ್ಞೆ ಬೋಧಿಸಿದರು. ಪ್ರತಿಜ್ಞೆ ಮಾಡಿದವರು ಪ್ರೇಕ್ಷಕರಲ್ಲ. ನಮ್ಮ ತಂಡ ಸೋಲುತ್ತಿದ್ದರೆ ಆಡುತ್ತಿರುವವರಲ್ಲಿ ನಾವೂ ಇದ್ದೇವೆ.

*ಆಚರಣೆಗೆ ನಾಲ್ಕು ಮಾತು*

1. ಪ್ರಶ್ನೆ ಕೆಲಸದ ಬಗ್ಗೆ ಇರಲಿ, ವ್ಯಕ್ತಿಯ ಬಗ್ಗೆ ಬೇಡ. 'ಖರ್ಚಿನ ಪಟ್ಟಿ ಯಾವಾಗ ಓದ್ತೀರಿ ಕಾಕಾ?' ಎಂದು ಕೇಳಿ. 'ನೀವು ತಿಂದೀರಿ' ಎನ್ನಬೇಡಿ.

2. ಸಭೆಯಲ್ಲಿ, ಎದುರಿಗೆ ಕೇಳಿ. ಚಹಾದ ಅಂಗಡಿಯಲ್ಲಿ ಆಡಿದ ಮಾತು ಬಣ ಕಟ್ಟುತ್ತದೆ, ಸಭೆಯಲ್ಲಿ ಆಡಿದ ಮಾತು ಸಮಿತಿಯನ್ನು ತಿದ್ದುತ್ತದೆ.

3. ಜವಾಬ್ದಾರಿ ಕೊಟ್ಟವರಿಗೆ ಕಾಲಾವಕಾಶವನ್ನೂ ಕೊಡಿ, ಆದರೆ ಎಷ್ಟು ಕಾಲ ಎಂದು ಮೊದಲೇ ಗೊತ್ತು ಮಾಡಿ. ಗಡುವು ಇದ್ದರೆ ಅವರಿಗೂ ಕೆಲಸ ಸುಲಭ, ನಮಗೂ ಕೇಳುವುದು ಸುಲಭ.

4. ಟೀಕೆ ಮಾಡಿದ ದಿನವೇ ಒಂದು ಕೆಲಸ ಕೇಳಿ ಪಡೆಯಿರಿ. ಮಕ್ಕಳ ಧಮ್ಮ ತರಗತಿಯಾಗಲಿ, ವಿಹಾರದ ಕಸ ಗುಡಿಸುವುದಾಗಲಿ.

*ಇಂದು ಮನೆಯಲ್ಲಿ ಚರ್ಚಿಸಿ*

ನನ್ನ ನಿಷ್ಠೆ ಯಾರಿಗೆ: ವ್ಯಕ್ತಿಗೋ, ಧಮ್ಮಕ್ಕೋ? ನಾನು ಕೊನೆಯ ಸಲ ಎದುರಿಗೆ ನಿಂತು ಪ್ರಶ್ನೆ ಕೇಳಿದ್ದು ಯಾವಾಗ? ನನ್ನನ್ನು ಯಾರಾದರೂ ಪ್ರಶ್ನಿಸಿದಾಗ ನಾನು ಕೊಟ್ಟ ಉತ್ತರ ಏನು? ಮನೆಯ ಮಕ್ಕಳು ಆಟದ ಅಭಿಮಾನಿಗಳಾಗಿದ್ದರೆ ಅವರಿಂದಲೇ ಚರ್ಚೆ ಶುರು ಮಾಡಿ. ಸೋತ ತಂಡದ ಅಂಗಿಯನ್ನು ಅವರು ಇನ್ನೂ ಯಾಕೆ ತೊಡುತ್ತಾರೆ ಎಂದು ಕೇಳಿ, ಸಮಾಧಾನವಾಗಿ ಕೇಳಿಸಿಕೊಳ್ಳಿ.

ಸಬ್ಬೇ ಸತ್ತಾ ಸುಖಿತಾ ಹೋಂತು. ಭವತು ಸಬ್ಬ ಮಂಗಲಂ.

ಜೈ ಭೀಮ್.